ಕೊಸರು ಹಾಕುವ ಜಾಗ

ನಮ್ಮ ದೊಡ್ಡಮ್ಮನ ಅಂಗಡಿ ಡೊಂಬಿವಲಿ ಪೂರ್ವದಲ್ಲಿ, ಸ್ಟೇಶನ್ನಿನಲ್ಲಿ ಒಂದು ಮಾತು ಶುರು ಮಾಡಿದರೆ ಅದು ಮುಗಿಯುವುದರೊಳಗೆ ತಲುಪುವಷ್ಟು ದೂರದಲ್ಲಿತ್ತು. ಮೂರು ಮಾಳಿಗೆಯ ಹಳೆಯ ಕಟ್ಟಡ. ಕೆಳಗೆ ಒಂದು ಬದಿಗೆ ದರ್ಜಿ, ಇನ್ನೊಂದು ಬದಿಗೆ ಚಪ್ಪಲಿ ಅಂಗಡಿ, ನಡುವೆ ನಮ್ಮದು. ಬಾಗಿಲಿಗೆ ಬಂದು ನಿಂತರೆ ಮೊದಲು ಮೂಗಿಗೆ ಬ್ಯಾಡಗಿ ಮೆಣಸು, ಅದರ ಹಿಂದೆ ಗರಿಯಲ್ಲಿ ಸುತ್ತಿದ ಓಲೆಬೆಲ್ಲ, ಅದರ ಹಿಂದೆ ಎಲ್ಲೋ ದೂರದಿಂದ ನಡೆದು ಬಂದ ಹಾಗೆ ಕುಚಲಕ್ಕಿಯ ಗೋಣಿ. ಕಣ್ಣು ಮುಚ್ಚಿದರೆ ಉಡುಪಿ; ತೆರೆದರೆ ರಿಕ್ಷಾ ಸ್ಟ್ಯಾಂಡು.

ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು, ಅಮ್ಮನಿಗೂ ಕೆಲಸವಿತ್ತು. ಹಾಗಾಗಿ ಮರಾಠಿ ಶಾಲೆ ಬಿಟ್ಟ ಮೇಲೆ ನನ್ನ ಮಧ್ಯಾಹ್ನಗಳೆಲ್ಲ ಆ ಅಂಗಡಿಯ ಅಕ್ಕಿಮೂಟೆಯ ಮೇಲೆ ಕಳೆದವು. ಕನ್ನಡ ನನಗೆ ಹತ್ತಿದ್ದು ಅಲ್ಲೇ. ಪೊಟ್ಟಣ ಕಟ್ಟಲು ದೊಡ್ಡಪ್ಪ ಹಳೆಯ ಕನ್ನಡ ಪತ್ರಿಕೆಗಳನ್ನು ತರಿಸುತ್ತಿದ್ದರು. ಕಟ್ಟುವ ಮೊದಲು ಅದರಲ್ಲಿನ ಕತೆಗಳನ್ನು ಬೆರಳಿಟ್ಟು ಓದಿಸುತ್ತಿದ್ದರು. ಎಷ್ಟೋ ಸಲ ಕತೆಯ ಕೊನೆಯ ಹಾಳೆ ಸಾಸಿವೆಯನ್ನು ಹೊತ್ತುಕೊಂಡು ಯಾರದೋ ಮನೆಗೆ ಹೋಗಿಬಿಟ್ಟಿರುತ್ತಿತ್ತು. ಆಗ ದೊಡ್ಡಮ್ಮ ಮೆಣಸಿನ ತೊಟ್ಟು ಮುರಿಯುತ್ತ ತಾವೇ ಒಂದು ಕೊನೆ ಹೇಳುತ್ತಿದ್ದರು. ಅವರ ಕೊನೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಎಲ್ಲರೂ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು.

ಮೂಟೆಯ ಮೇಲೆ ಕೂತು ನಾನು ನೋಡುತ್ತಿದ್ದದ್ದು ತಕ್ಕಡಿಯನ್ನು. ಎರಡು ತಟ್ಟೆಗಳು ತೂಗಿ ತೂಗಿ ಸುಸ್ತಾಗಿ, ಮುಳ್ಳು ನೆಟ್ಟಗೆ ನಿಲ್ಲುವ ಒಂದು ಗಳಿಗೆ ಇರುತ್ತದಲ್ಲ, ಆಗ ಇಡೀ ಅಂಗಡಿ ಉಸಿರು ಹಿಡಿದ ಹಾಗೆ ಅನಿಸುತ್ತಿತ್ತು. ಮುಳ್ಳು ನಿಂತ ಮೇಲೆ ದೊಡ್ಡಮ್ಮನ ಕೈ ಮತ್ತೆ ಗೋಣಿಯೊಳಗೆ ಇಳಿದು, ಮುಷ್ಟಿಯಾಗಿ ಮೇಲೆದ್ದು, ಗಿರಾಕಿಯ ಚೀಲದ ಬಾಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅದು ಕೊಸರು. ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು, ಲೆಕ್ಕಕ್ಕೆ ಸೇರದ್ದು. ಆಮೇಲೆ ಕೆಂಪು ಅಂಕಿಯ ಎಲೆಕ್ಟ್ರಾನಿಕ್ ಕಾಟಾ ಬಂತು. ಅಂಕಿ ನಿಂತ ಮೇಲೂ ಆ ಕೈ ನಿಲ್ಲಲಿಲ್ಲ.

ಆ ಹಿಡಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಸುರಿ ಹೆಂಗಸು ಬಂದರೆ ಅಕ್ಕಿಯ ಜೊತೆಗೆ ಒಂದಿಷ್ಟು ಪುನರ್ಪುಳಿ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗೆ ಬೆಲ್ಲದ ಚೂರು. ತುರ್ಭೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಒಬ್ಬರು ಭಟ್ಟರು ಬರುತ್ತಿದ್ದರು, ದೊಡ್ಡಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ನೂರಾರು ಜನರಿಗೆ ಬೇಯಿಸಿ, ರಾತ್ರಿ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬರಿಗೇ ಗಂಜಿ ಇಟ್ಟುಕೊಳ್ಳುವ ಮನುಷ್ಯ. ಅವರ ಚೀಲಕ್ಕೆ ಹಲಸಿನ ಹಪ್ಪಳ ಬೀಳುತ್ತಿತ್ತು. ಅವರು ಕೇಳುತ್ತಿರಲಿಲ್ಲ, ದೊಡ್ಡಮ್ಮ ಹೇಳುತ್ತಿರಲಿಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೂ ಅಂಗಡಿ ನಡೆಯಿತು. ಮಕ್ಕಳಿಲ್ಲದ ದೊಡ್ಡಮ್ಮ ನಮ್ಮ ಜೊತೆಗೇ ಇದ್ದರು, ಬೆಳಿಗ್ಗೆ ಎದ್ದು ಅಂಗಡಿಗೆ ಹೋಗುತ್ತಿದ್ದರು. ಕೈ ಕೊಟ್ಟದ್ದು ಕಟ್ಟಡ. ಕಂಬಗಳಲ್ಲಿ ಕಬ್ಬಿಣ ಕಾಣಿಸಿಕೊಂಡಿತು, ಸೊಸೈಟಿಯವರು ತಾರಸಿಯಲ್ಲಿ ಸಭೆ ಸೇರಿದರು, ಬಿಲ್ಡರನ ಜನ ದೊಡ್ಡ ನಕ್ಷೆ ಹಾಸಿ ಕೂತರು. ಈಗಿನ ಡೊಂಬಿವಲಿಯಲ್ಲಿ ಇದು ಮನೆಮನೆಯ ಕತೆ: ಹಳೆಯದನ್ನು ಕೆಡವಿ ಎತ್ತರದ್ದು ಕಟ್ಟುವುದು, ಅಲ್ಲಿಯ ತನಕ ಎಲ್ಲರೂ ಬೇರೆಡೆ ಬಾಡಿಗೆಗೆ. ಮೇಲಿನ ಮನೆಯವರು ಯಾರು ಕಲ್ಯಾಣಕ್ಕೆ, ಯಾರು ಘಣಸೋಲಿಗೆ ಎಂದು ಮಾತಾಡಿಕೊಂಡರು. ಹೊಸ ಕಟ್ಟಡದಲ್ಲಿ ನಮಗೂ ಅಂಗಡಿ ಕೊಡುತ್ತಾರೆ. ಮೂರು ವರ್ಷ ಕಾಯಬೇಕು.

ಸಭೆಯಲ್ಲಿ ದೊಡ್ಡಮ್ಮ ನಕ್ಷೆಯನ್ನು ನೋಡುತ್ತ ಕೂತಿದ್ದರು. ಇಳಿದು ಬರುವಾಗ ಮೆಟ್ಟಿಲ ಮೇಲೆ ನಿಂತು, ಮೊಣಕಾಲು ಒತ್ತಿಕೊಳ್ಳುತ್ತ ನನಗೆ ಹೇಳಿದರು: "ಕಟ್ಟಡ ಬರ್ತದೆ ಮಗಾ, ಅದು ಅಡ್ಡಿಲ್ಲ. ಮೂರು ವರ್ಷ ಕೈ ಸುಮ್ನೆ ಕೂತ್ರೆ ಕೊಡ್ಲಿಕ್ಕೆ ಮರ್ತು ಹೋಗ್ತದೆ. ಆಮೇಲೆ ಅಂಗಡಿ ಇದ್ದು ಎಂತ ಮಾಡುದು?"

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅವರ ವಯಸ್ಸಿನಲ್ಲಿ ಮೂರು ವರ್ಷವೆಂದರೆ ಬಹಳ ಉದ್ದ.

ದಾರಿ ತೋರಿಸಿದವಳು ನನ್ನ ಹೆಂಡತಿ. ಹುಬ್ಬಳ್ಳಿಯವಳು, ಕಲ್ಯಾಣದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಅವಳಿಗೆ ತುಳು ಬರುವುದಿಲ್ಲ, ದೊಡ್ಡಮ್ಮನಿಗೆ ಹುಬ್ಬಳ್ಳಿಯ ಮಾತು ಮೊದಮೊದಲು ಜಗಳದ ಹಾಗೆ ಕೇಳುತ್ತಿತ್ತು. ಇಬ್ಬರೂ ಎರಡು ದಡದ ಕನ್ನಡದಲ್ಲಿ ಮಾತಾಡಿಕೊಂಡು ಇಪ್ಪತ್ತು ವರ್ಷದಲ್ಲಿ ಒಂದು ಸೇತುವೆ ಮಾಡಿಕೊಂಡಿದ್ದಾರೆ. ಅದರ ಮೇಲೆ ನಾನೂ ಓಡಾಡುತ್ತೇನೆ.

"ರೀ, ಅಂಗಡಿ ಮುಚ್ಚಿದ್ರ ಗಿರಾಕಿ ಏನು ಮೂರು ವರ್ಷ ಚೀಲ ಹಿಡ್ಕೊಂಡು ನಿಂದರ್ತಾರೇನು?" ಎಂದಳು. "ಇಂಟರ್ನೆಟ್‌ನ್ಯಾಗ ಒಂದು ಅಂಗಡಿ ಹಚ್ಚೋಣ. ಅವರು ಎಲ್ಲೇ ಇರಲಿ, ಅಲ್ಲಿಂದನ ಕೇಳ್ತಾರ."

ಅಂದಿನಿಂದ ನಮ್ಮ ಭಾನುವಾರಗಳು ಬೇರೆಯಾದವು. ಅಂಗಡಿಯಲ್ಲೇ ಗೋಣಿಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರೂ ಕೂರುತ್ತಿದ್ದೆವು. ಇಂಥ ಅಂಗಡಿ ತೆರೆಯಲು ಮೂರು ದಾರಿಗಳಿವೆ ಎಂದು ಹೆಂಡತಿ ಹೇಳಿದಳು. ಒಂದು, ಎಲ್ಲರೂ ಮಾರುವ ದೊಡ್ಡ ಬಜಾರು. ಅಲ್ಲಿ ಜನ ತುಂಬಿರುತ್ತಾರೆ, ನಮಗೂ ಒಂದು ಮೂಲೆ ಸಿಗುತ್ತದೆ, ಆದರೆ ನಿಯಮವೆಲ್ಲ ಅವರದು, ಗಿರಾಕಿಗೆ ನೆನಪಿರುವ ಹೆಸರೂ ಅವರದೇ. ಎರಡು, ಬಾಡಿಗೆಯ ವೆಬ್‌ಸೈಟು. ಕಪಾಟು, ಬಾಗಿಲು, ದುಡ್ಡು ಬರುವ ಕಿಂಡಿ ಎಲ್ಲ ಸಿದ್ಧವಾಗಿರುತ್ತದೆ. ತಿಂಗಳು ತಿಂಗಳು ಬಾಡಿಗೆ ಕಟ್ಟಿ ನಮ್ಮ ಹೆಸರಿನ ಬೋರ್ಡು ಹಾಕಿಕೊಳ್ಳಬಹುದು. ಜನರನ್ನು ಮಾತ್ರ ನಾವೇ ಕರೆತರಬೇಕು. ಮೂರು, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ ಸ್ವಂತ ಕಟ್ಟುವುದು. ಅದು ಪೂರ್ತಿ ನಮ್ಮದು, ಸೋರಿದರೆ ಮೇಲೆ ಹತ್ತಬೇಕಾದವರೂ ನಾವೇ.

ದೊಡ್ಡಮ್ಮ ಎಲ್ಲ ಕೇಳಿ ನಕ್ಕರು. "ಇದು ನಾವು ಮನೆ ಹುಡುಕಿದ ಹಾಗೇ ಆಯ್ತಲ್ಲ ಮಾರಾಯ್ತಿ. ಮದುವೆ ಆಗಿ ಬಂದಾಗ ಠಾಣೆ ಹತ್ರದ ಕಳವಾ ಊರಲ್ಲಿ ಇನ್ನೊಬ್ಬರ ಖೋಲಿಯ ಅರ್ಧದಲ್ಲಿ ಇದ್ದದ್ದು. ನಡುವೆ ಒಂದು ಸೀರೆ ಕಟ್ಟಿದ್ದು. ಆಚೆಯವ್ರು ಕೆಮ್ಮಿದ್ರೆ ನಮ್ಮ ಸೀರೆ ಅಲ್ಲಾಡ್ತಿತ್ತು. ನಿನ್ನ ದೊಡ್ಡ ಬಜಾರು ಅಂದ್ರೆ ಅದೇ."

"ಹೌದ್ರಿ ಅತ್ತಿ, ಅದನ. ಆದ್ರ ಆ ಖೋಲಿಗೆ ಡಿಪಾಜಿಟ್ ಬೇಕಾಗಿಲ್ಲ."

"ನಿನ್ನ ದೊಡ್ಡ ಮಾವ ಸಹ ಹಾಗೇ ಹೇಳಿದ್ದು." ಆಮೇಲೆ ಅವರು ತೆರೆಯ ಮೇಲೆ ಬೆರಳಿಟ್ಟು, ಚೀಲದ ಚಿತ್ರವನ್ನು ಮುಟ್ಟಿ, ಒಂದೇ ಒಂದು ಪ್ರಶ್ನೆ ಕೇಳಿದರು: "ಇದರಲ್ಲಿ ಕೊಸರು ಹಾಕ್ಲಿಕ್ಕೆ ಜಾಗ ಎಲ್ಲುಂಟು?"

"ಅದನ್ನ ಆಮ್ಯಾಲೆ ನೋಡೋಣ್ರಿ," ಎಂದು ಹೆಂಡತಿ ನಕ್ಕಳು. ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ ಎಂಬುದು ಆಗ ಗಮನಕ್ಕೆ ಬರಲಿಲ್ಲ.

ನಾವು ಆರಿಸಿಕೊಂಡದ್ದು ದೊಡ್ಡ ಬಜಾರನ್ನೇ. ಜನ ಇರುವಲ್ಲಿ ಹೋಗಿ ಕೂರುವುದು ಸುಲಭ ಎಂದು ಮೂವರಿಗೂ ಅನಿಸಿತ್ತು.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಬೆಳಕು ಕಾಣುತ್ತದೆ. ಫೋಟೋ ತೆಗೆಯಲು ನಮ್ಮ ಮನೆಯ ಬಾಲ್ಕನಿಯಲ್ಲಿ ದೊಡ್ಡಪ್ಪನ ಬಿಳಿ ಪಂಚೆ ಕಟ್ಟಿದ್ದೆವು. ಮಧ್ಯಾಹ್ನದ ಬಿಸಿಲು ಪಂಚೆಯನ್ನು ದಾಟಿ ಬಂದು ಹಾಲಿನ ಹಾಗೆ ಹರಡುತ್ತಿತ್ತು. ಅದರ ಮುಂದೆ ಒಂದೊಂದು ಸಾಮಾನು ವಧುವಿನ ಹಾಗೆ ಬಂದು ಕೂರುತ್ತಿತ್ತು. ಹಲಸಿನ ಹಪ್ಪಳದ ಹಿಂದೆ ಬಿಸಿಲು ಬಿದ್ದಾಗ ಅದರೊಳಗಿನ ಜೀರಿಗೆಗಳೆಲ್ಲ ಕಾಣಿಸಿದವು, ಚಂದ್ರನ ಮೇಲಿನ ಕಲೆಗಳ ಹಾಗೆ. ಇಷ್ಟು ವರ್ಷ ಸುಟ್ಟು ತಿಂದ ಹಪ್ಪಳವನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಮ್ಮ ಓಲೆಬೆಲ್ಲದ ಕಟ್ಟನ್ನು ಬಿಚ್ಚಲು ಬಿಡಲಿಲ್ಲ. "ಅದಕ್ಕೆ ಬಟ್ಟೆ ಬೇಡವಾ?" ಎಂದು ಗರಿಯ ಸಮೇತ ಕೂರಿಸಿದರು.

ಪ್ರತಿಯೊಂದರ ಕೆಳಗೆ ವಿವರ ಬರೆಯುವ ಕೆಲಸ ನನ್ನದು. ಕುಚಲಕ್ಕಿಯ ಬಗ್ಗೆ ಬರೆಯಲು ಕೂತರೆ ಗಂಜಿ ಬರುತ್ತಿತ್ತು, ಗಂಜಿಯ ಹಿಂದೆ ಮಾವಿನ ಮಿಡಿ, ಮಿಡಿಯ ಹಿಂದೆ ಅಜ್ಜಿಯ ಭರಣಿ, ಭರಣಿಯ ಹಿಂದೆ ಅದನ್ನು ಕದಿಯಲು ಹೋಗಿ ಸಿಕ್ಕಿಬಿದ್ದ ಮಾವ. ಹೆಂಡತಿ ಓದಿ ಕನ್ನಡಕ ತೆಗೆದಳು.

"ರೀ, ಇದನ್ನ ಓದಿ ಮುಗಿಸೋದ್ರಾಗ ಗಿರಾಕಿ ಹೋಟೆಲಿಗೆ ಹೋಗಿ ಉಂಡು ಬರ್ತಾನ. ಅಕ್ಕಿ ಎಷ್ಟು ಕಿಲೋ, ಎಷ್ಟು ಸೀಟಿ ಹೊಡಿಸಬೇಕು, ಅಷ್ಟು ಬರೀರಿ."

"ಮಾವನನ್ನು ಬಿಡಬೇಕಾ?"

"ಮಾವನ್ನ ಮೊದಲು ಬಿಡ್ರಿ."

ಮಾವನನ್ನು ಬಿಟ್ಟೆ. ಆದರೂ ಮಿಡಿಯ ಬಗ್ಗೆ ಅರ್ಧ ಸಾಲು ಅವಳಿಗೆ ಕಾಣದ ಹಾಗೆ ಉಳಿಸಿಕೊಂಡೆ.

ಆರ್ಡರುಗಳು ಬರತೊಡಗಿದವು. ಘಣಸೋಲಿಯಿಂದ ಒಂದು, ಕಲ್ಯಾಣದಿಂದ ಎರಡು, ನಮ್ಮ ಯಾರಿಗೂ ಹೆಸರು ಗೊತ್ತಿಲ್ಲದ ಯಾವುದೋ ದೂರದ ಊರಿನಿಂದ ಒಂದು. ಹೆಂಡತಿ ತೂಕ ಮಾಡಿ ಇಡುತ್ತಿದ್ದಳು, ದೊಡ್ಡಮ್ಮ ತುಂಬುತ್ತಿದ್ದರು, ನಾನು ಟೇಪು ಸುತ್ತುತ್ತಿದ್ದೆ. ಪಾರ್ಸೆಲ್ ಹೋಗುವಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬಸ್ಸು ಹತ್ತಿಸಿದವರು ತಿರುವಿನ ತನಕ ನೋಡುವ ಹಾಗೆ.

ಆಮೇಲೆ ಬಜಾರಿನವರ ಸಂದೇಶ ಬಂತು. ನೀವು ಹೇಳಿದ ತೂಕಕ್ಕೂ ಪಾರ್ಸೆಲ್ಲಿನ ತೂಕಕ್ಕೂ ಹೊಂದಿಕೆಯಾಗುತ್ತಿಲ್ಲ. ಒಂದಾದ ಮೇಲೆ ಒಂದು ಅಂಥದ್ದೇ ಸಂದೇಶ. ಹೆಂಡತಿ ಕಾಟಾ ಬದಲಿಸಿದಳು, ಖಾಲಿ ಡಬ್ಬವನ್ನು ತೂಗಿದಳು, ಟೇಪನ್ನೂ ತೂಗಿದಳು. ಕೊನೆಗೆ ಒಂದು ಸಂಜೆ, ಕಳಿಸಲು ಇಟ್ಟಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಮತ್ತೆ ಕಾಟಾದ ಮೇಲಿಟ್ಟಳು. ಒಂದರಂತೆ ಒಂದಿರಲಿಲ್ಲ.

"ಅತ್ತೀ, ಇವನ್ನ ನಾನ ತೂಗಿಟ್ಟಿದ್ದೆ. ಹೆಂಗ ಬೆಳೆದ್ವು? ಮೆಣಸಿನಕಾಯಿ ಪೊಟ್ಟಣದಾಗ ಮರಿ ಹಾಕ್ತಾವೇನು?"

"ಮರಿ ಎಂತದಕ್ಕೆ ಹಾಕ್ತದೆ?" ದೊಡ್ಡಮ್ಮ ತಲೆಯೆತ್ತದೆ ಹೇಳಿದರು. "ನಾನು ಹಾಕಿದ್ದು."

"ಯಾವಾಗ?"

"ನೀನು ಟೇಪು ತರ್ಲಿಕ್ಕೆ ಒಳಗೆ ಹೋದಾಗ."

"ಎಲ್ಲಾದ್ರಾಗೂ?"

"ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಡುದು ಎಂತ ನ್ಯಾಯ?"

ಹೆಂಡತಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆದರೆ ನಗುವ ಸಂಗತಿಯಾಗಿ ಅದು ಉಳಿಯಲಿಲ್ಲ. ಮರುವಾರ ಬಜಾರಿನವರು ತನಿಖೆ ಮುಗಿಯುವ ತನಕ ಎಂದು ನಮ್ಮ ಮೂಲೆಯನ್ನು ಮುಚ್ಚಿದರು. ಕೊಸರು ಎಂದರೆ ಏನೆಂದು ವಿವರಿಸಿ ನಾನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಿದೆ. ತಕ್ಕಡಿ, ಮುಳ್ಳು, ಮುಷ್ಟಿ ಎಲ್ಲ ಅದರಲ್ಲಿತ್ತು. ಉತ್ತರ ತಕ್ಷಣವೇ ಬಂತು: ದಯವಿಟ್ಟು ಪೆಟ್ಟಿಗೆಯ ನಾಲ್ಕೂ ಬದಿಯ ಚಿತ್ರ ಕಳಿಸಿ.

ತೂಕ ಸರಿಯಿದ್ದರೆ ಅವರು ಮತ್ತೆ ತೆರೆಯುತ್ತಾರೆ ಎಂದು ಹೆಂಡತಿ ದೊಡ್ಡಮ್ಮನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ಮೂರು ವರ್ಷ ಅಷ್ಟನ ಅತ್ತಿ. ಆಮ್ಯಾಲೆ ನಿಮ್ಮ ಅಂಗಡಿ, ನಿಮ್ಮ ಕೈ."

"ಹಾಗಾದ್ರೆ ನೀವೇ ಕಟ್ಟಿ ಮಗಾ," ಎಂದರು ದೊಡ್ಡಮ್ಮ. ದನಿಯಲ್ಲಿ ಮುನಿಸಿರಲಿಲ್ಲ. "ತೂಕ ನಿಂತ ಮೇಲೆ ಕೈ ಹಿಂದೆ ತಕ್ಕೊಳ್ಳುದು ನನಗೆ ಬರುದಿಲ್ಲ. ಬರುದು ಬೇಡ."

ಕಟ್ಟಡ ಬಿಡುವ ದಿನ ಹತ್ತಿರವಾಗುತ್ತಿತ್ತು. ಕಪಾಟುಗಳು ಒಂದೊಂದಾಗಿ ಬರಿದಾಗುತ್ತಿದ್ದವು. ಒಂದು ಶನಿವಾರ ನಾನು ಅಂಗಡಿಯಲ್ಲಿದ್ದಾಗ ಮೇಲಿನ ಮಾಳಿಗೆಯ ಮರಾಠಿ ಹೆಂಗಸು ಸಾಸಿವೆಗೆ ಬಂದರು. "ಮಾವಶಿ, ನಾವು ನಾಳೆ ಕಲ್ಯಾಣಕ್ಕೆ ಹೊರಟೆವು," ಎಂದು ಮರಾಠಿಯಲ್ಲಿ ಹೇಳುತ್ತ ನಿಂತರು. ದೊಡ್ಡಮ್ಮ ತೂಗಿದರು, ಪೊಟ್ಟಣ ಕಟ್ಟಿದರು, ಕೊಟ್ಟರು. ಆ ಹೆಂಗಸು ಹೋದ ಮೇಲೆ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಕೊಸರು ಹಾಕಿರಲಿಲ್ಲ. ಹೊರಗೆ ಸ್ಟೇಶನ್ನಿನ ಕಡೆಯಿಂದ ಯಾವುದೋ ಗಾಡಿಯ ಪ್ರಕಟಣೆ ಗಾಳಿಯಲ್ಲಿ ತೇಲಿ ಬಂದು, ಅರ್ಧಕ್ಕೆ ನಿಂತು, ಮತ್ತೆ ಹೋಯಿತು.

ನನ್ನ ಆಫೀಸು ಘಣಸೋಲಿಯಲ್ಲಿ. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಠಾಣೆಯಿಂದ ಇನ್ನೊಂದು. ಮೊದಲಿನದರಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಎರಡನೆಯದರಲ್ಲಿ ಅದೃಷ್ಟವಿದ್ದರೆ ಕಿಟಕಿ. ಆ ಸೋಮವಾರ ಕಿಟಕಿ ಸಿಕ್ಕಿತು. ಮಳೆ ಮುಗಿದ ಮೇಲಿನ ಹಸಿರು ಗುಡ್ಡ ಜೊತೆಯಲ್ಲೇ ಓಡಿ ಬರುತ್ತಿತ್ತು. ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ದೊಡ್ಡಮ್ಮನ ಅಂಗಡಿಗೆ ಗೋಡೆಗಳೇ ಇರಲಿಲ್ಲ. ಠಾಣೆಯ ಖಾಡಿಯ ಉಪ್ಪುನೀರಿನ ಮೇಲೆ ಗೋಣಿಗಳು ದೋಣಿಗಳ ಹಾಗೆ ನಿಂತಿದ್ದವು. ದೊಡ್ಡಪ್ಪ ಒಂದು ಗೋಣಿಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು, ಕೊನೆಯ ಹಾಳೆ ಸಿಕ್ಕಿತೇನೋ ಎನ್ನುವ ಹಾಗೆ. ದೊಡ್ಡಮ್ಮನ ಕೈ ಮೇಲೆದ್ದಿತ್ತು, ಚೀಲದ ಬಾಯಿ ಕಾಣದೆ ಗಾಳಿಯಲ್ಲಿ ಹುಡುಕುತ್ತಿತ್ತು.

ಎಚ್ಚರವಾದಾಗ ಗಾಡಿ ನನ್ನ ಸ್ಟೇಶನ್ ದಾಟಿ ತುರ್ಭೆಯಲ್ಲಿ ನಿಂತಿತ್ತು. ಇಳಿದು, ತಡವಾದದ್ದು ಹೇಗೂ ಆಯಿತು ಎಂದು ಚಹಾ ಕುಡಿಯಲು ಹೊರಗೆ ಬಂದೆ. ರಸ್ತೆಯ ಬದಿಯಲ್ಲಿ ಒಬ್ಬಳು ಹೆಂಗಸು ತರಕಾರಿ ಮಾರುತ್ತಿದ್ದಳು. ಬಟಾಣಿ ತೂಗಿದಳು, ಚೀಲಕ್ಕೆ ಸುರಿದಳು. ಆಮೇಲೆ ಮಗ್ಗುಲಿಗಿದ್ದ ಸಣ್ಣ ಬುಟ್ಟಿಯಿಂದ ಒಂದು ಚಿವುಟು ಕೊತ್ತಂಬರಿ, ಎರಡು ಹಸಿಮೆಣಸು ತೆಗೆದು ಮೇಲೆ ಹಾಕಿದಳು. ಈ ಕಡೆ ಎಲ್ಲ ತರಕಾರಿಯವರೂ ಮಾಡುವುದೇ, ದಿನಾ ನೋಡುವುದೇ. ಆದರೆ ಅಂದು ನನ್ನ ಕಣ್ಣು ಆ ಸಣ್ಣ ಬುಟ್ಟಿಯ ಮೇಲೆ ನಿಂತುಬಿಟ್ಟಿತು. ಅವಳ ಕೊಸರಿಗೆ ಅದರದ್ದೇ ಒಂದು ಬುಟ್ಟಿ ಇತ್ತು. ಬಟಾಣಿಯ ತೂಕದೊಳಗೆ ಅದು ಅಡಗಿ ಕೂರಬೇಕಾಗಿರಲಿಲ್ಲ.

ಚಹಾ ಕೈಯಲ್ಲೇ ಹಿಡಿದು ಹೆಂಡತಿಗೆ ಫೋನು ಮಾಡಿದೆ. ಶಾಲೆಯ ಬಿಡುವಿನ ಹೊತ್ತು, ಹಿಂದೆ ಮಕ್ಕಳ ಗಲಾಟೆ.

"ಬಾಡಿಗೆ ಸೈಟಿನಲ್ಲಿ ಬೆಲೆಯೇ ಇಲ್ಲದ ಒಂದು ಸಾಮಾನು ಇಡ್ಲಿಕ್ಕೆ ಆಗ್ತದಾ? ಯಾರು ಏನು ತಗೊಂಡ್ರೂ ತಾನಾಗಿ ಅವರ ಚೀಲಕ್ಕೆ ಹೋಗಿ ಬೀಳುವ ಹಾಗೆ?"

"ಆಗತೈತಿ. ಅದಕ್ಕ ಬ್ಯಾರೆ ತೂಕ ಬರದ್ರ ಪಾರ್ಸೆಲ್ ಲೆಕ್ಕನೂ ಸರಿ ಬರತೈತಿ. ಬಜಾರದಾಗ ಹಂಗ ಬಿಡಂಗಿಲ್ಲ. ನಮ್ಮದ ಸೈಟ್ ಆದ್ರ ಬಿಡ್ತಾರ." ಆಮೇಲೆ ಕೇಳಿದಳು, "ಎಲ್ಲಿದ್ದೀರಿ ನೀವು?"

"ತುರ್ಭೆ."

"ಮಲಗಿದ್ರಿ."

"ಹೂಂ."

"ಛಲೋ ಆತು ಬಿಡ್ರಿ. ಎಚ್ಚರ ಇದ್ದಾಗ ನಿಮಗ ಇಷ್ಟು ತಿಳೀತಿದ್ದಿಲ್ಲ."

ಹೀಗೆ ನಾವು ಸೀರೆ ಕಟ್ಟಿದ ಅರ್ಧ ಖೋಲಿ ಬಿಟ್ಟು ಬಾಡಿಗೆಯ ಮನೆಗೆ ಬಂದೆವು. ಸ್ವಂತ ಕಟ್ಟುವ ಉಮೇದು ನನಗಿತ್ತು. ಸೋರಿದ ದಿನ ಮೇಲೆ ಹತ್ತುವವಳು ತಾನೇ ಎಂದು ಹೆಂಡತಿ ನೆನಪಿಸಿದಳು. ಬಾಡಿಗೆಯ ಸೈಟಿನಲ್ಲಿ ಕಪಾಟುಗಳು ಸಿದ್ಧವಾಗಿದ್ದವು. ಪಂಚೆಯ ಮುಂದೆ ಕೂತ ಚಿತ್ರಗಳನ್ನೆಲ್ಲ ತಂದು ಜೋಡಿಸಿದೆವು. ಮಾವನೂ ಒಂದು ಮೂಲೆಯಲ್ಲಿ ವಾಪಸು ಬಂದ. ನಮ್ಮ ಮನೆಯಲ್ಲವೇ, ಇರಲಿ ಎಂದಳು.

ಕೊನೆಗೆ ಕೊಸರಿನ ಸರದಿ. ಅದಕ್ಕೆ ತೂಕ ಬರೆಯಬೇಕಲ್ಲ, ಹೆಂಡತಿ ದೊಡ್ಡಮ್ಮನನ್ನು ಕಾಟಾದ ಮುಂದೆ ಕೂರಿಸಿದಳು. "ಅತ್ತೀ, ಒಂದು ಹಿಡಿ ಹಾಕ್ರಿ." ಹಾಕಿದರು. ಬರೆದುಕೊಂಡಳು. "ಇನ್ನೊಂದು." ಅಂಕಿ ಹೆಚ್ಚಾಯಿತು. "ಇನ್ನೊಂದು." ಇಳಿಯಿತು.

"ಈಗ್ಯಾಕ ಕಮ್ಮಿ ಆತು?"

"ಈಗ ಪಕ್ಕದ ಬೀದಿಯ ಆ ಜಗಳಗಂಟಿ ಟೀಚರು ನೆನಪಾದ್ಳು."

"ಅದಕ್ಕ ಮೊದಲಿಂದು?"

"ಬಾಣಂತಿ ಅಂತ ಅಂದ್ಕೊಂಡೆ." ದೊಡ್ಡಮ್ಮ ಕೈ ಕೊಡವಿದರು. "ಯಾರಿಗೆ ಅಂತ ಗೊತ್ತಿಲ್ದೆ ಹೇಗೆ ಹಾಕುದು ಮಾರಾಯ್ತಿ? ಕಣ್ಣು ಕಟ್ಟಿ ಬಡಿಸಿದ ಹಾಗೆ. ನೀನು ಗಿರಾಕಿಯ ಮುಖ ತೋರ್ಸು, ನಾನು ಕೈ ತೋರಿಸ್ತೇನೆ."

ಮುಖ ತೋರಿಸುವ ಸೌಲಭ್ಯ ಆ ಸೈಟಿನಲ್ಲಿ ಇರಲಿಲ್ಲ. ಆದರೆ ಹಣ ಕಟ್ಟುವ ಪುಟದಲ್ಲಿ ಗಿರಾಕಿಗೆ ಒಂದು ಪ್ರಶ್ನೆ ಕೇಳಬಹುದಿತ್ತು. ಉಳಿದವರು ಅಲ್ಲಿ ಮನೆಯ ಹತ್ತಿರದ ಗುರುತು ಕೇಳುತ್ತಾರೆ, ಉಡುಗೊರೆಯ ಕಾಗದ ಬೇಕೇ ಎನ್ನುತ್ತಾರೆ. ನಾವು ಏನು ಕೇಳಬೇಕೆಂದು ದೊಡ್ಡಮ್ಮನೇ ಹೇಳಿದರು, ನಾನು ಕನ್ನಡದಲ್ಲಿ ಬರೆದೆ, ಕೆಳಗೆ ಮರಾಠಿಯಲ್ಲೂ ಬರೆದೆ: ಮನೆಯಲ್ಲಿ ಯಾರೆಲ್ಲ ಇದ್ದೀರಿ? ಕೊಸರಿನ ತೂಕವನ್ನು ಹೆಂಡತಿ ದೊಡ್ಡ ಮನಸ್ಸಿನಿಂದ ಬರೆದಳು, ದೊಡ್ಡಮ್ಮನ ಅತಿ ದೊಡ್ಡ ಹಿಡಿಗಿಂತ ಸ್ವಲ್ಪ ಮೇಲೆಯೇ. ಕಡಿಮೆಯಾದರೆ ಕುರಿಯರಿನವರ ತಕರಾರಿಲ್ಲವಂತೆ.

ಅಂಗಡಿಯ ಬೋರ್ಡಿನ ಮೇಲೆ ಹೊಸ ಸೈಟಿನ ವಿಳಾಸ ಬರೆಸಿದೆವು. ಬಂದ ಗಿರಾಕಿಗಳಿಗೆಲ್ಲ ದೊಡ್ಡಮ್ಮ ಅದನ್ನು ಓದಿ ಹೇಳಿದರು, ತಮಗೂ ಅರ್ಥವಾಗದ ಚುಕ್ಕಿಗಳ ಸಮೇತ.

ಅಂಗಡಿಯ ಕೊನೆಯ ಮಧ್ಯಾಹ್ನ ನನಗೆ ಒಂದು ಉದ್ದನೆಯ ಕನಸಿನ ಹಾಗೆ ನೆನಪಿದೆ. ಕಪಾಟು ಕಳಚಿದ ಜಾಗದಲ್ಲಿ ಗೋಡೆಯ ಹಳೆಯ ಹಸಿರು ಬಣ್ಣ ಚೌಕಚೌಕವಾಗಿ ಉಳಿದಿತ್ತು. ಅಲ್ಲಾಡಿಸಿದ್ದಕ್ಕೋ ಏನೋ, ಎಲ್ಲ ವರ್ಷಗಳ ಮೆಣಸಿನ ಘಾಟು ಒಟ್ಟಿಗೆ ಎದ್ದು ಬಂದು ಮೂವರೂ ಸೀನಿದೆವು. ನಾನು ಮಗುವಾಗಿ ಕೂರುತ್ತಿದ್ದ ಮೂಲೆಯಲ್ಲಿ ಬಿಸಿಲು ಕೂತಿತ್ತು. ಉಳಿದಿದ್ದದ್ದು ಕಾಟಾ, ಎರಡು ಗೋಣಿ, ಕಳಿಸಬೇಕಾದ ಸಾಮಾನಿನ ಒಂದು ಪೆಟ್ಟಿಗೆ.

ಆಗ ಹೆಂಡತಿಯ ಫೋನು ಸಣ್ಣಗೆ ಸದ್ದು ಮಾಡಿತು. ಹೊಸ ಸೈಟಿನ ಮೊದಲ ಆರ್ಡರು. ಕಲ್ಯಾಣಕ್ಕೆ ಹೋದ ಅದೇ ಮೇಲಿನ ಮಾಳಿಗೆಯವರು. ಸಾಸಿವೆ, ಮೆಣಸು. ಪ್ರಶ್ನೆಗೆ ಮರಾಠಿಯಲ್ಲಿ ಬರೆದಿದ್ದರು, ನಾನು ಓದಿ ಹೇಳಿದೆ: ನಾವಿಬ್ಬರು, ಮತ್ತೆ ಒಂದು ಬೆಕ್ಕು.

"ಬೆಕ್ಕಿಗೆ ಎಂತ ಹಾಕುದು ಈಗ?" ದೊಡ್ಡಮ್ಮ ನಿಜವಾಗಿಯೂ ಯೋಚನೆಗೆ ಬಿದ್ದರು. "ಹಪ್ಪಳ ತಿಂತದಾ?"

"ನಿಮ್ಮ ಕೈಯಿಂದ ಕೊಟ್ರ ತಿಂತೈತ್ರಿ."

ಆ ಶನಿವಾರ ಬಾಕಿಯಾಗಿದ್ದ ಸಾಸಿವೆಯ ಹಿಡಿಯನ್ನೂ ಸೇರಿಸಿ ಎರಡು ಹಿಡಿ ಹಾಕಿದರು. ಅದನ್ನು ಕಟ್ಟುತ್ತಿರುವಾಗಲೇ ಇನ್ನೊಂದು ಸದ್ದು. ತುರ್ಭೆಯಿಂದ. ಕುಚಲಕ್ಕಿ, ಉಪ್ಪಿನಕಾಯಿ. ಕ್ಯಾಂಟೀನಿನ ಭಟ್ಟರು; ಯಾರ ಕೈಯಲ್ಲೋ ಟೈಪು ಮಾಡಿಸಿರಬೇಕು. ಮನೆಯಲ್ಲಿ ಯಾರೆಲ್ಲ ಇದ್ದೀರಿ ಎಂಬ ಪ್ರಶ್ನೆಯ ಕೆಳಗೆ ಒಂದೇ ಸಾಲು ಇತ್ತು. ಹೆಂಡತಿ ಅದನ್ನು ಓದಿದಳು.

"ಅಮ್ಮನಿಗೆ ಗೊತ್ತುಂಟು."

ದೊಡ್ಡಮ್ಮ ಗೋಣಿಯ ಬಾಯಿ ಬಿಚ್ಚಿದರು. ಅಕ್ಕಿ ತೂಗಿದರು. ಕೆಂಪು ಅಂಕಿ ಅತ್ತಿತ್ತ ಓಡಾಡಿ ನಿಂತಿತು. ಅಂಗಡಿ ಉಸಿರು ಹಿಡಿಯಿತು. ಅವರು ಪೆಟ್ಟಿಗೆಯ ಕಡೆಗೆ ಬಗ್ಗಿ ಹಲಸಿನ ಹಪ್ಪಳದ ಕಟ್ಟು ಬಿಚ್ಚಿದರು, ನೋಡಿದರು, ಇನ್ನೂ ಒಳಗೆ ಕೈ ಹಾಕಿದರು. ಹೆಂಡತಿ ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದು, ಎಷ್ಟು ಬೀಳುತ್ತದೆಂದು ನೋಡದೆ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ನಿಂತಳು.